ಎದುರಿನವರ ಮಾತನ್ನು ಮೊದಲು ಹೇಳು

ಪ್ರತಿಭಾ ಕಾರಂಜಿಯ ಚರ್ಚಾಸ್ಪರ್ಧೆಗೆಂದು ನಾನೂ ಹಲವು ವರ್ಷ ಮಕ್ಕಳಿಗೆ ಭಾಷಣ ಬರೆದುಕೊಟ್ಟಿದ್ದೇನೆ. ಅವರು ಅದನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದರು. ಎದುರಿನವರು ಏನೇ ಹೇಳಲಿ, ಒಂದಕ್ಷರವೂ ಬದಲಾಗುತ್ತಿರಲಿಲ್ಲ. ಇದು ಚರ್ಚೆಯಲ್ಲ ಎಂಬ ಕೊರಗು ನನ್ನನ್ನು ಬಿಟ್ಟಿರಲಿಲ್ಲ.

ಕಳೆದ ವರ್ಷ ಹೊಸನಗರ ತಾಲ್ಲೂಕಿನ ನಮ್ಮ ಪ್ರೌಢಶಾಲೆಯ ಒಂಬತ್ತನೇ ತರಗತಿಗೆ ಕೊಟ್ಟ ವಿಷಯ: 'ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ ಬೇಕು'. ಮೊಬೈಲ್ ಒಳ್ಳೆಯದೋ ಕೆಟ್ಟದ್ದೋ ಎಂಬ ಸವಕಲು ವಿಷಯಕ್ಕೆ ಸವಕಲು ಮಾತೇ ಬರುತ್ತದೆ. ಇಲ್ಲಿಯಾದರೆ, ಇದೇ ನದಿಗೆ ಕಟ್ಟಿ 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿಗೆ ಮನೆ, ಗದ್ದೆ ಕಳೆದುಕೊಂಡವರ ಮೊಮ್ಮಕ್ಕಳೇ ಬೆಂಚಿನ ಮೇಲಿದ್ದಾರೆ.

ಮೊದಲ ದಿನ ವಾದವಿಲ್ಲ, ಬರೀ ತಿಳಿದುಕೊಳ್ಳುವುದು. ಬೋರ್ಡಿನ ಮೇಲೆ ತಲಕಳಲೆ ಜಲಾಶಯವನ್ನು ಮೇಲೆ, ಗೇರುಸೊಪ್ಪೆ ಜಲಾಶಯವನ್ನು ಕೆಳಗೆ ಬರೆದೆ. ಬೇಡಿಕೆ ಕಡಿಮೆಯಿದ್ದಾಗ ನೀರನ್ನು ಮೇಲಕ್ಕೆತ್ತಿ, ಹೆಚ್ಚಿದಾಗ ಕೆಳಗೆ ಹರಿಸಿ 2000 ಮೆಗಾವಾಟ್ ವಿದ್ಯುತ್ ಪಡೆಯುವ ಯೋಜನೆ. "ಎತ್ತಲು ಬೇಕಾಗುವ ವಿದ್ಯುತ್ತೇ ಹೆಚ್ಚಲ್ಲವೇ ಸರ್?" ಎಂದನೊಬ್ಬ. ಹೌದು, ಹೆಚ್ಚೇ. ವಿರೋಧದವರು ಅದನ್ನು ಬರೆದುಕೊಂಡರು, ಕಣಿವೆಯ ಅಪರೂಪದ ಕೋತಿಗಳಾದ ಸಿಂಗಳೀಕಗಳ ನೆಲೆಗೆ ಕುತ್ತು ಎಂಬುದನ್ನೂ ಸೇರಿಸಿದರು. ಹಗಲಿನ ಸೌರವಿದ್ಯುತ್ತನ್ನು ಸಂಜೆಗೆ ಉಳಿಸಿಕೊಳ್ಳಲು ಇದೊಂದು ದಾರಿ ಎಂಬ ಉತ್ತರವನ್ನು ಪರದವರು ಹುಡುಕಿದರು.

ಪರ, ವಿರೋಧ ಮೊದಲೇ ಚೀಟಿ ಎತ್ತಿ ನಿರ್ಧಾರವಾಗಿತ್ತು. ಮೂರು ನಿಮಿಷ ಮಾತು, ಕೈಯಲ್ಲಿ ನಾಲ್ಕು ಸಾಲಿನ ಟಿಪ್ಪಣಿ ಮಾತ್ರ. ನಾನು ಬಹಳ ಯೋಚಿಸಿ ಮಾಡಿದ ನಿಯಮ ಒಂದೇ: ಖಂಡಿಸುವ ಮೊದಲು ಎದುರಿನವರ ವಾದವನ್ನು ತನ್ನ ಮಾತಿನಲ್ಲಿ ಹೇಳಬೇಕು. "ಹೌದು, ನಾನು ಹೇಳಿದ್ದು ಅದೇ" ಎಂದು ಅವರು ಒಪ್ಪಿದ ಮೇಲೆಯೇ ಉತ್ತರ. ಮೊದಮೊದಲು ಮೂರು ಸಲ ಹೇಳಿದರೂ ಒಪ್ಪಿಗೆ ಸಿಗುತ್ತಿರಲಿಲ್ಲ. ಸಮಯ ಹಾಳಾಗುತ್ತದೆ ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ಕೇಳಿಸಿಕೊಳ್ಳುವುದಕ್ಕೆ ಹೋಗುವ ಸಮಯ ಹಾಳಲ್ಲ ಎಂದೇ ನನ್ನ ನಂಬಿಕೆ.

ಮುಳುಗಡೆ ಕುಟುಂಬದ ಹುಡುಗಿಯೊಬ್ಬಳಿಗೆ 'ಪರ' ಬಂತು. "ಅಜ್ಜಿಗೆ ಏನು ಹೇಳಲಿ ಸರ್?" ಎಂದು ಕಣ್ಣು ತುಂಬಿಕೊಂಡಳು. ಬದಲಿಸಿಕೊಳ್ಳಬಹುದು ಎಂದೆ. ಮರುದಿನ, ಅಜ್ಜಿಯ ಜೊತೆ ಮಾತಾಡಿದೆ, ಬದಲಿಸುವುದಿಲ್ಲ ಎಂದಳು. ಚರ್ಚೆಯ ದಿನ ಅವಳು ಹೇಳಿದ್ದು: "ಯೋಜನೆ ಬರಲಿ, ಆದರೆ ನಮ್ಮ ಹಳೆಯ ಬಾಕಿ ತೀರಿಸಿ ಬರಲಿ."

ಎದುರಿನ ಹುಡುಗ ಆ ಮಾತನ್ನು ತಪ್ಪಿಲ್ಲದೆ ಮತ್ತೆ ಹೇಳಿ, ಅವಳು ತಲೆಯಾಡಿಸಿದ ಮೇಲೆ ಕೇಳಿದ: "ಹಳೆಯ ಬಾಕಿ ತೀರಿಸದವರಿಗೆ ಹೊಸ ಸಾಲ ಯಾರು ಕೊಡುತ್ತಾರೆ?"

ಅವಳು ಅವನ ಪ್ರಶ್ನೆಯನ್ನು ತನ್ನ ಮಾತಿನಲ್ಲಿ ಹೇಳುವಷ್ಟರಲ್ಲಿ ಗಂಟೆ ಹೊಡೆಯಿತು. ಮರುದಿನ ಉತ್ತರವನ್ನು ಎರಡು ಪುಟ ಬರೆದು ತಂದಿದ್ದಳು. ನನಗಲ್ಲ, ಅವನಿಗೆ ಕೊಟ್ಟಳು.