ಟೋಕಿಯೋದ ಚೀನೀ ವಿದ್ಯಾರ್ಥಿ ಪತ್ರಿಕೆಗಳಿಗೆ ಸೂಚಿ ಮಾಡುವಾಗ: ನನ್ನ ಅನುಭವ

ಹುಬೇ, ಝೆಜಿಯಾಂಗ್, ಜಿಯಾಂಗ್ಸು ಪ್ರಾಂತಗಳಿಂದ ಓದಲು ಟೋಕಿಯೋಗೆ ಹೋಗಿದ್ದ ವಿದ್ಯಾರ್ಥಿಗಳು 1903ರ ಮೊದಲ ಕೆಲವು ತಿಂಗಳಲ್ಲೇ ತಂತಮ್ಮ ಪ್ರಾಂತದ ಹೆಸರಲ್ಲಿ ಪತ್ರಿಕೆ ಹೊರಡಿಸಿದರು. ಇವುಗಳ ಲೇಖನ ಸೂಚಿ ಮಾಡಲು ಕೂತಾಗ ನಾನು ಮೊದಲು ನೋಡುವುದು ಮುದ್ರಣದ ವಿವರವಿರುವ ಕೊನೆಯ ಪುಟ.

ಅಲ್ಲಿ ತಾರೀಖು ಸಾಮಾನ್ಯವಾಗಿ ಆಗಿನ ಚೀನೀ ಚಕ್ರವರ್ತಿ ಗ್ವಾಂಗ್‌ಶುವಿನ ಆಳ್ವಿಕೆಯ ವರ್ಷದಲ್ಲಿರುತ್ತದೆ; ಅದಕ್ಕೆ 1874 ಕೂಡಿಸಿದರೆ ಇಸವಿ ಸಿಗುತ್ತದೆ. 29ನೇ ವರ್ಷ ಅಂದರೆ 1903. ಆದರೆ ತಿಂಗಳು, ದಿನ ಚಾಂದ್ರಮಾನದವು; ಎಡವುವುದು ಇಲ್ಲೇ. 'ಝೆಜಿಯಾಂಗ್ ಛಾವ್' ಮೊದಲ ಸಂಚಿಕೆಯ ತಾರೀಖು 1ನೇ ತಿಂಗಳ 20. ಅದು ಫೆಬ್ರವರಿ 17. ಅಂತರ 28 ದಿನ. ಇದೇ ಲೆಕ್ಕ ಮುಂದಕ್ಕೂ ನಡೆಯುತ್ತದೆ ಅಂದುಕೊಂಡರೆ ಕೆಟ್ಟಿತು. ಎಂಟನೇ ಸಂಚಿಕೆಯ ಮೇಲೆ 8ನೇ ತಿಂಗಳ 20 ಎಂದಿದೆ. ಅದು ಅಕ್ಟೋಬರ್ 10, ಅಂತರ 51 ದಿನ. ಆ ವರ್ಷ 5ನೇ ತಿಂಗಳಾದ ಮೇಲೆ ಅಧಿಕ ಮಾಸ ಬಂದಿತ್ತು. ಹಾಗಾಗಿ ಪ್ರತಿ ತಾರೀಖನ್ನೂ ಪಂಚಾಂಗದ ಕೋಷ್ಟಕದಲ್ಲೇ ನೋಡಬೇಕು, ಅಂದಾಜು ಬೇಡ. 12ನೇ ತಿಂಗಳ ಸಂಚಿಕೆಯಾದರೆ ಇಸವಿಯೇ ಬದಲಾಗುತ್ತದೆ.

ಜಪಾನಿನ ಚಕ್ರವರ್ತಿಯ ಆಳ್ವಿಕೆಯಿಂದ ಎಣಿಸುವ ಮೇಜಿ ವರ್ಷವೂ ಅಚ್ಚಾಗಿದ್ದರೆ ಕೆಲಸ ಹಗುರ: 1867 ಕೂಡಿಸಿದರಾಯಿತು. ಜಪಾನ್ 1873ರಿಂದ ಸೌರ ಕ್ಯಾಲೆಂಡರ್ ಬಳಸುತ್ತಿದ್ದುದರಿಂದ ದಿನ, ತಿಂಗಳು ಇದ್ದಂತೆಯೇ ಬರೆದುಕೊಳ್ಳಬಹುದು. ಕ್ರಾಂತಿಕಾರಿಗಳ 'ಮಿನ್‌ಪಾವ್' ಚಕ್ರವರ್ತಿಯ ವರ್ಷವನ್ನೇ ಕೈಬಿಟ್ಟು, ಪುರಾಣದ ಹಳದಿ ಚಕ್ರವರ್ತಿಯಿಂದ ಎಣಿಸಿ 4603 ಎಂದು ಅಚ್ಚು ಹಾಕಿತು. 2698 ಕಳೆದರೆ 1905. ಈ ಬಗೆಯ ಗಣನೆಯಲ್ಲಿ ಎಲ್ಲರೂ ಒಂದೇ ಮೂಲವರ್ಷ ಹಿಡಿಯಲಿಲ್ಲ. ಒಂದು ಪತ್ರಿಕೆಯ ಸೂತ್ರವನ್ನು ಇನ್ನೊಂದಕ್ಕೆ ಹಚ್ಚಬೇಡಿ.

ಲೇಖಕರ ಹೆಸರಿನ ಕಾಲಂ ಇನ್ನೂ ಸೂಕ್ಷ್ಮ. ಮೇಲೆ ಹೇಳಿದ ಎಂಟನೇ ಸಂಚಿಕೆಯಲ್ಲಿ ರೇಡಿಯಂ ಬಗ್ಗೆ ಒಂದು ಲೇಖನವಿದೆ, ಬರೆದವರು 'ಝಿಶು'. ಚೀನಾದ ಭೂವಿಜ್ಞಾನದ ಮೇಲೆ ಇನ್ನೊಂದಿದೆ, ಬರೆದವರು 'ಸುಓಝಿ'. ಇಬ್ಬರೂ ಒಬ್ಬರೇ: ಝೌ ಶುರೆನ್, 1918ರಿಂದ ಜಗತ್ತು ಲೂ ಶುನ್ ಎಂದು ಬಲ್ಲ ಲೇಖಕ. ಆಗ ಅವರಿಗಿನ್ನೂ 22. ಆಗ ಚೀನಾವನ್ನು ಆಳುತ್ತಿದ್ದ ಛಿಂಗ್ ವಂಶದ ಸರ್ಕಾರದ ಕಣ್ಣು ಈ ವಿದ್ಯಾರ್ಥಿಗಳ ಮೇಲೆ ಇದ್ದಾಗ ಕಾವ್ಯನಾಮ ಬರೀ ಶೋಕಿಯಾಗಿರಲಿಲ್ಲ. ನಾನು ಅಚ್ಚಾದ ಹೆಸರನ್ನು ಒಂದು ಕಾಲಂನಲ್ಲಿ, ನಿಜ ಹೆಸರನ್ನು ಪಕ್ಕದ ಕಾಲಂನಲ್ಲಿ ಬರೆಯುತ್ತೇನೆ. ಖಾತ್ರಿಯಿಲ್ಲದಿದ್ದರೆ ಎರಡನೆಯದು ಖಾಲಿ. ಊಹೆಯ ಹೆಸರು ಒಮ್ಮೆ ಸೂಚಿಗೆ ಸೇರಿದರೆ ಮುಂದಿನವರು ಅದನ್ನೇ ಆಧಾರ ಮಾಡಿಕೊಳ್ಳುತ್ತಾರೆ.

ಪತ್ರಿಕೆಯ ಹೆಸರೂ ನಡುವೆ ಬದಲಾಗುವುದುಂಟು. ಹುಬೇ ವಿದ್ಯಾರ್ಥಿಗಳ ಪತ್ರಿಕೆ ಆರನೇ ಸಂಚಿಕೆಯಿಂದ 'ಹಾನ್ ಶೆಂಗ್' ಆಯಿತು. ಸಂಚಿಕೆಯ ಸಂಖ್ಯೆ ಮಾತ್ರ ಹಳೆಯದರಿಂದಲೇ ಮುಂದುವರಿಯಿತು. ಹೊಸ ಹೆಸರಿನಡಿ ಮೊದಲ ಐದು ಸಂಚಿಕೆ ಕಾಣೆಯಾಗಿವೆ ಎಂದು ಹುಡುಕುವ ಬದಲು ಎರಡನ್ನೂ ಒಂದೇ ದಾಖಲೆಯಡಿ ಇಡಿ.