ನಗು ಎಲ್ಲಿ ನಿಂತಿತು? ಪ್ರೆಸ್ಸಿನ ಮಾಳಿಗೆಯ ಸೂಪರ್‌ಹೀರೊ ಜಗಳಗಳು

ಗದುಗಿನಲ್ಲಿ ನಮ್ಮದೊಂದು ಸಣ್ಣ ಪ್ರೆಸ್ ಇದೆ. ಕೆಳಗೆ ಆಫ್‌ಸೆಟ್ ಮಷೀನು, ಮೇಲೆ ಕಾಗದದ ರೀಮು ಪೇರಿಸಿಡುವ ಉದ್ದನೆಯ ಕೋಣೆ. ಬೇಸಿಗೆಯ ಲಗ್ನಪತ್ರಿಕೆ ಕೆಲಸ ಮುಗಿದು ಮಳೆ ಹಿಡಿಯಿತೆಂದರೆ ಆ ಕೋಣೆ ಅರ್ಧ ಖಾಲಿ. 2019ರ ಮಳೆಗಾಲದಲ್ಲಿ ನನ್ನ ಅಕ್ಕನ ಮಗ ಅಲ್ಲೊಂದು ಹಳೆಯ ಪ್ರೊಜೆಕ್ಟರ್ ತಂದಿಟ್ಟ. ಆ ವರ್ಷ ಏಪ್ರಿಲ್‌ನಲ್ಲಿ ಮಾರ್ವೆಲ್‌ನವರ ಸೂಪರ್‌ಹೀರೊ ಸಿನಿಮಾ ‘ಅವೆಂಜರ್ಸ್: ಎಂಡ್‌ಗೇಮ್’ ನೋಡಲು ಅವನೂ ಅವನ ಗೆಳೆಯರೂ ಹುಬ್ಬಳ್ಳಿಗೆ ಹೋಗಿ ಬಂದಿದ್ದರು. ಸಿನಿಮಾ ಮೂರು ತಾಸಿನದು. ಅದರ ಮಾತು ಮೂರು ತಿಂಗಳಾದರೂ ಮುಗಿದಿರಲಿಲ್ಲ. ‘ಮಾಮಾ, ರವಿವಾರ ಮ್ಯಾಲಿನ ಕೋಣಿ ಕೊಡು, ಎಲ್ಲಾ ಮೊದಲಿಂದ ನೋಡ್ತೀವಿ’ ಅಂದ. ಕೊಟ್ಟೆ. ಮೊದಲ ವಾರ ನಾನೂ ಹೋಗಿ ಕೂತೆ. ಆಮೇಲೆ ಎದ್ದು ಬರಲು ಮನಸ್ಸಾಗಲಿಲ್ಲ.

ಎಂಟು ಹತ್ತು ಜನ. ಹೆಚ್ಚಿನವರು ಕಾಲೇಜು ಹುಡುಗರು. ಬೆಟಗೇರಿ ಕಡೆಯಿಂದ ಒಬ್ಬಳು ಹುಡುಗಿ ಬರುತ್ತಿದ್ದಳು, ಅವರ ಮನೆಯಲ್ಲಿ ಮಗ್ಗವಿದೆ. ಗುಂಪು ಮೊದಲ ದಿನವೇ ಎರಡಾಗಿತ್ತು. ಮಾರ್ವೆಲ್, ಡಿಸಿ ಅಂದರೆ ಸೂಪರ್‌ಹೀರೊ ಕತೆಗಳ ಎರಡು ಅಮೆರಿಕನ್ ಕಂಪನಿಗಳು. ಒಂದು ಕಡೆಯವರಿಗೆ ಮಾರ್ವೆಲ್ ಬೇಕು, ನಗು ಬೇಕು. ಇನ್ನೊಂದು ಕಡೆಯವರಿಗೆ ಡಿಸಿ ಬೇಕು, ಕತ್ತಲೆ ಬೇಕು, ಸೀರಿಯಸ್ ಆಗಿರಬೇಕು. ನಗಿಸುವ ಸಿನಿಮಾ ಸಣ್ಣ ಮಕ್ಕಳದು ಅಂತ ಇವರು. ಮುಖ ಗಂಟು ಹಾಕಿಕೊಂಡರೆ ಅದು ದೊಡ್ಡ ಸಿನಿಮಾ ಆಗುತ್ತದಾ ಅಂತ ಅವರು.

ಎರಡು ವರ್ಷ ಹೀಗೇ ನಡೆಯಿತು. 2021ರ ಮಾರ್ಚ್‌ನಲ್ಲಿ ಡಿಸಿಯವರ ‘ಜಸ್ಟಿಸ್ ಲೀಗ್’ ಸಿನಿಮಾದ ನಾಲ್ಕು ತಾಸಿನ ರೂಪ ಹೊರಬಂತು. ಅದರ ಹಿನ್ನೆಲೆ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಿರ್ದೇಶಕ ಝಾಕ್ ಸ್ನೈಡರ್ ಆ ಸಿನಿಮಾ ಮಾಡುತ್ತಿದ್ದಾಗ ಅವರ ಮನೆಯಲ್ಲಿ ಸಾವಾಯಿತು. ಅವರು ಕೆಲಸ ಬಿಟ್ಟು ಹೊರಬಂದರು. ಇನ್ನೊಬ್ಬ ನಿರ್ದೇಶಕ ಜಾಸ್ ವೀಡನ್ ಮತ್ತೆ ಶೂಟಿಂಗ್ ಮಾಡಿ, ಜೋಕು ಸೇರಿಸಿ, ಎರಡು ತಾಸಿಗೆ ಇಳಿಸಿ ಮುಗಿಸಿದರು. 2017ರಲ್ಲಿ ತೆರೆಗೆ ಬಂದದ್ದು ಅದು. ಸ್ನೈಡರ್ ಅಭಿಮಾನಿಗಳು ವರ್ಷಗಟ್ಟಲೆ ಪಟ್ಟು ಹಿಡಿದ ಮೇಲೆ ಅವರದೇ ರೂಪ ಹೊರಗೆ ಬಂತು.

ಅದನ್ನು ನೋಡಿದ ರವಿವಾರ ನಮ್ಮ ಕೋಣೆಯಲ್ಲಿ ನಿಜವಾದ ಜಗಳವಾಯಿತು. ಚಿಕ್ಕಂದಿನಿಂದ ಜೊತೆಗೆ ಬೆಳೆದ ಇಬ್ಬರು ಹುಡುಗರು ಎದ್ದು ನಿಂತು ಒಬ್ಬರ ಅಪ್ಪನನ್ನು ಇನ್ನೊಬ್ಬರು ಎತ್ತಿ ಆಡಿದರು. ಗಿರಮಿಟ್ಟಿನ ತಟ್ಟೆ ಹಾರಿ ಆರ್ಟ್ ಪೇಪರ್ ರೀಮಿನ ಮೇಲೆ ಬಿತ್ತು. ಎಣ್ಣೆ ಕುಡಿದ ಕಾಗದ ಹೋದರೆ ಹೋಗಲಿ. ಆ ಇಬ್ಬರೂ ಮಾತು ಬಿಟ್ಟರು. ಅಷ್ಟರಲ್ಲಿ ಕೊರೊನಾದ ಎರಡನೇ ಅಲೆ ಬಂತು, ಎಲ್ಲ ಬಂದ್ ಆಯಿತು. ಅವರು ಮಾತು ಬಿಟ್ಟದ್ದು ಹಾಗೇ ಉಳಿಯಿತು. ಆ ಎರಡು ಮೂರು ತಿಂಗಳು ನನಗೆ ಬಹಳ ಬೇಜಾರಾಗಿತ್ತು. ನಮ್ಮ ಮನೆಯ ಮಾಳಿಗೆಯಲ್ಲಿ ಒಂದು ಗೆಳೆತನ ಮುರಿದಿತ್ತು.

ದಾರಿ ಸಿಕ್ಕಿದ್ದು ನನ್ನ ಕಸುಬಿನಿಂದಲೇ. ಅಂಗಡಿ ಮತ್ತೆ ತೆರೆದ ಮೇಲೆ ಒಂದು ಮನೆಯವರು ಲಗ್ನಪತ್ರಿಕೆಯ ಪ್ರೂಫ್ ನೋಡಲು ಬಂದರು. ಅಣ್ಣನಿಗೆ ಕುಂಕುಮ ಕೆಂಪು ಬೇಕು, ತಮ್ಮನಿಗೆ ಮರೂನ್ ಬೇಕು. ಅರ್ಧ ತಾಸು ವಾದ ಮಾಡಿದರು. ನಾನು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರೆ ರಿಜಿಸ್ಟರ್ ತಪ್ಪಿತ್ತು. ನಾಲ್ಕು ಬಣ್ಣದ ಮುದ್ರಣದಲ್ಲಿ ಸಯಾನ್, ಮಜೆಂಟಾ, ಹಳದಿ, ಕಪ್ಪು ಒಂದರ ಮೇಲೊಂದು ಸರಿಯಾಗಿ ಕೂರಬೇಕು. ಕೂದಲೆಳೆಯಷ್ಟು ಸರಿದರೂ ಅಕ್ಷರಕ್ಕೆ ನೆರಳು ಬಿದ್ದಂತೆ ಕಾಣುತ್ತದೆ. ತೋರಿಸಿದೆ. ಇಬ್ಬರೂ ಒಂದೇ ಸಲಕ್ಕೆ ‘ಹೌದಲ್ರೀ!’ ಅಂದರು. ಬಣ್ಣ ಯಾವುದಿರಬೇಕು ಅನ್ನುವುದು ಅವರವರ ಮನಸ್ಸು. ರಿಜಿಸ್ಟರ್ ತಪ್ಪಿದ್ದು ಮಾತ್ರ ಕೆಂಪು ಬೇಕೆಂದವನಿಗೂ ತಪ್ಪೇ, ಮರೂನ್ ಬೇಕೆಂದವನಿಗೂ ತಪ್ಪೇ.

ಅವತ್ತು ಸಂಜೆಯೇ ಅಳಿಯನಿಗೆ ಫೋನ್ ಮಾಡಿ ಎಲ್ಲರನ್ನೂ ಕರೆಸಲು ಹೇಳಿದೆ.

ಮೊದಲು ಮಾಡಿದ್ದು ಕೈ ಕೊಟ್ಟಿತು. ಪ್ರತಿ ಸಿನಿಮಾಕ್ಕೆ ಹತ್ತಕ್ಕೆ ಎಷ್ಟು ಅಂಕ ಅಂತ ಬರೆಸಿದೆ. ಅಂಕ ಕೊಟ್ಟ ಕೂಡಲೇ ಹುಡುಗರು ಸಿನಿಮಾ ಮರೆತು ಅಂಕದ ಬೆನ್ನು ಹತ್ತಿದರು. ಏಳು ಕೊಟ್ಟವನು ಏಳನ್ನು ಕಾಯುತ್ತ ಕೂತ. ಎರಡೇ ವಾರಕ್ಕೆ ಬಿಟ್ಟೆ. ಈಗಲೂ ಯಾರಾದರೂ ಇಂಥ ಕೂಟ ಶುರು ಮಾಡುತ್ತೇನೆಂದರೆ ಅಂಕದ ತಂಟೆಗೆ ಮಾತ್ರ ಹೋಗಬೇಡಿ ಅನ್ನುತ್ತೇನೆ.

ಆಮೇಲೆ ಹಿಡಿದದ್ದು ಇವತ್ತಿಗೂ ನಡೆದಿದೆ. ಸಿನಿಮಾ ಮುಗಿದ ತಕ್ಷಣ ಯಾರೂ ಮಾತಾಡುವಂತಿಲ್ಲ. ಕಟಿಂಗ್‌ನಲ್ಲಿ ಉಳಿದ ಹಾಳೆ ಒಬ್ಬೊಬ್ಬರಿಗೆ ಒಂದು ಕೊಡುತ್ತೇನೆ. ನಡುವೆ ಮಡಚಬೇಕು. ಎಡಕ್ಕೆ ‘ಬಣ್ಣ’, ಬಲಕ್ಕೆ ‘ರಿಜಿಸ್ಟರ್’. ಈ ಸಿನಿಮಾದ ಧಾಟಿ ಯಾವುದು, ಅದು ನನಗೆ ಹಿಡಿಸಿತೋ ಇಲ್ಲವೋ ಅನ್ನುವುದು ಎಡಕ್ಕೆ. ಆ ಧಾಟಿಯನ್ನು ಒಪ್ಪಿಕೊಂಡು ನೋಡಿದರೂ ಎಲ್ಲೆಲ್ಲಿ ಅದು ಜಾರಿತು ಅನ್ನುವುದು ಬಲಕ್ಕೆ. ಹತ್ತು ನಿಮಿಷ ಬರೆಯಬೇಕು. ಮಾತು ಶುರುವಾಗುವುದು ಬಲಗಡೆಯಿಂದ. ಇನ್ನೊಂದು ಕಟ್ಟುನಿಟ್ಟು: ಯಾರಿಗೆ ಸಿನಿಮಾ ಬಹಳ ಹಿಡಿಸಿತೋ ಅವರೇ ಬಲಗಡೆಯದನ್ನು ಮೊದಲು ಓದಬೇಕು.

ಬೇಕೆಂದೇ ಜಗಳವಾದ ಸಿನಿಮಾವನ್ನೇ ಮೊದಲು ಇಟ್ಟೆ. 2017ರ ರೂಪ ಒಂದು ರವಿವಾರ, 2021ರದು ಮುಂದಿನ ರವಿವಾರ. ಕತೆ ಒಂದೇ, ನಟರು ಅವರೇ, ಧಾಟಿ ಮಾತ್ರ ಬೇರೆ. ಮಾತು ಬಿಟ್ಟ ಆ ಇಬ್ಬರನ್ನೂ ಒತ್ತಾಯ ಮಾಡಿ ಕರೆದಿದ್ದೆ. ಮೊದಲ ವಾರದ ಹಾಳೆ ತೆಗೆದರೆ ಬಲಗಡೆ ಎಲ್ಲರೂ ಒಂದೇ ಮಾತು ಬರೆದಿದ್ದರು: ಸೂಪರ್‌ಮ್ಯಾನ್‌ನ ಮೇಲ್ದುಟಿ. ಮರುಶೂಟಿಂಗ್ ಹೊತ್ತಿಗೆ ಆ ಪಾತ್ರದ ನಟ ಹೆನ್ರಿ ಕ್ಯಾವಿಲ್ ಬೇರೊಂದು ಸಿನಿಮಾಕ್ಕಾಗಿ ಮೀಸೆ ಬಿಟ್ಟಿದ್ದರು. ಅದನ್ನು ಕಂಪ್ಯೂಟರ್‌ನಲ್ಲಿ ಅಳಿಸಿದರು. ತುಟಿ ಮೇಣದಂತಾಯಿತು. ಇದು ಧಾಟಿಯ ಮಾತೇ ಅಲ್ಲ, ಕೆಲಸ ಕೆಟ್ಟದ್ದು. ನಗು ಇಷ್ಟಪಡುವವನೂ ಬರೆದಿದ್ದ, ಕತ್ತಲೆ ಇಷ್ಟಪಡುವವನೂ ಬರೆದಿದ್ದ. ಇಬ್ಬರ ಹಾಳೆಯನ್ನೂ ಪಕ್ಕಪಕ್ಕ ಇಟ್ಟೆ. ಅವರು ಮಾತಾಡಲಿಲ್ಲ, ಆದರೆ ಹಾಳೆ ನೋಡಿದರು.

ಎರಡನೇ ವಾರ ಸ್ನೈಡರ್ ಪಕ್ಷದ ಹುಡುಗನ ಬಲಗಡೆಯ ಪಟ್ಟಿಯೇ ಉದ್ದವಿತ್ತು. ಸ್ಲೋ ಮೋಷನ್ ಜಾಸ್ತಿಯಾಯಿತು, ಮುಗಿದ ಮೇಲೂ ಮುಗಿಯುವುದಿಲ್ಲ ಅಂತ ಅವನೇ ಬರೆದಿದ್ದ. ಎದುರು ಪಕ್ಷದವನು, ಅರ್ಧ ಮೈ ಯಂತ್ರವಾದ ಹೀರೊ ಸೈಬಾರ್ಗ್ ಮತ್ತು ಅವನ ಅಪ್ಪನ ಕತೆ ಇದರಲ್ಲಿ ತುಂಬಿ ಬಂದಿದೆ, ಹಿಂದಿನದರಲ್ಲಿ ಅದನ್ನು ಕತ್ತರಿಸಿ ಹಾಳು ಮಾಡಿದ್ದರು ಅಂದ. ಅವತ್ತು ರಾತ್ರಿ ಇಬ್ಬರೂ ಒಂದೇ ಗಾಡಿಯಲ್ಲಿ ಮನೆಗೆ ಹೋದರು. ಕೆಳಗೆ ಶಟರ್ ಎಳೆಯುತ್ತ ನೋಡಿದೆ. ನನ್ನ ಕಣ್ಣು ತುಂಬಿ ಬಂತು.

ಆದರೆ ಎಲ್ಲವೂ ಹೀಗೆ ಎರಡು ಪಾಲಾಗುವುದಿಲ್ಲ. ಜೋಕಿನ ವಿಷಯದಲ್ಲಿ ಹಾಳೆ ಸೋತಿತು. ಒಂದೇ ಜೋಕನ್ನು ಒಬ್ಬ ಎಡಕ್ಕೆ ಬರೆದರೆ ಇನ್ನೊಬ್ಬ ಬಲಕ್ಕೆ ಬರೆಯುತ್ತಿದ್ದ. ಇದಕ್ಕೆ ಮದ್ದು ಕೊಟ್ಟವರು ನಮ್ಮಲ್ಲಿ ಪ್ರೂಫ್ ತಿದ್ದಲು ಬರುವ ನಿವೃತ್ತ ಕನ್ನಡ ಮಾಸ್ತರರು. ಗಮಕದಲ್ಲಿ ಪಳಗಿದವರು. ಒಂದು ದಿನ ಹುಡುಗರ ಗದ್ದಲ ಕೇಳಿ ಮೇಲೆ ಬಂದರು. ‘ನಗೂ ಬಂತಂದ್ರ ವೀರ ಕೆಡತೈತಿ ಅಂತ ಯಾರಂದರ್‍ರೋ ನಿಮಗ? ವೀರನಾರಾಯಣನ ಗುಡಿ ಇರೋ ಊರಾಗ ಹುಟ್ಟೀರಿ, ಉತ್ತರಕುಮಾರನ ಮರತೀರೇನು?’ ಅಂದರು.

ಆಮೇಲೆ ಅರ್ಧ ತಾಸು ಕುಮಾರವ್ಯಾಸನ ವಿರಾಟ ಪರ್ವ ಹೇಳಿದರು. ರಾಣಿವಾಸದ ಹೆಂಗಸರ ಮುಂದೆ ಉತ್ತರ ಜಂಬ ಕೊಚ್ಚುತ್ತಾನೆ. ಬೃಹನ್ನಳೆ ಕವಚ ತೊಡಲು ಬಾರದವಳಂತೆ ತಡವರಿಸಿದರೆ ಹೆಂಗಸರು ನಗುತ್ತಾರೆ. ಕೌರವ ಸೇನೆ ಕಂಡದ್ದೇ ತಡ, ರಾಜಕುಮಾರ ರಥದಿಂದ ಧುಮುಕಿ ಓಡುತ್ತಾನೆ. ಹಿಂದೆ ಬೃಹನ್ನಳೆ, ಹಾರುವ ಜಡೆ. ವೈರಿ ಸೈನಿಕರೂ ನಗುತ್ತಾರೆ. ಆಮೇಲೆ ಬನ್ನಿ ಮರ. ಮರದಿಂದ ಗಾಂಡೀವ ಇಳಿಯುತ್ತದೆ, ಅರ್ಜುನ ತನ್ನ ಹತ್ತು ಹೆಸರು ಹೇಳುತ್ತಾನೆ. ‘ಅಲ್ಲಿ ನಗು ನಿಂತತಿ ನೋಡ್ರಿ. ಬನ್ನಿ ಗಿಡದ ಕೆಳಗ. ಅಲ್ಲೀತನಕಾ ನಕ್ಕಿದ್ದಕ್ಕs ಆ ಹತ್ತು ಹೆಸರು ಮೈ ಜುಮ್ ಅನಸ್ತಾವು’ ಅಂದರು ಮಾಸ್ತರರು.

ಕೋಣೆ ಸುಮ್ಮನಾಯಿತು. ಅಂದಿನಿಂದ ನಮ್ಮ ಹಾಳೆಯ ಕೆಳಗೆ ಒಂದು ಸಾಲು ಸೇರಿತು: ನಗು ಎಲ್ಲಿ ನಿಂತಿತು? ಒಬ್ಬ ಹುಡುಗ ಮೊಬೈಲ್‌ನಲ್ಲಿ ಸಮಯ ನೋಡಿ, ಕೋಣೆ ನಕ್ಕ ಪ್ರತಿ ಸಲವೂ ಬರೆದಿಡುತ್ತಾನೆ.

‘ದಿ ಡಾರ್ಕ್ ನೈಟ್’ ಇಟ್ಟಾಗ ಕತ್ತಲೆ ಪಕ್ಷದವರೇ ಬೆರಗಾದರು. ಕ್ರಿಸ್ಟೋಫರ್ ನೋಲನ್‌ರ ಈ 2008ರ ಬ್ಯಾಟ್‌ಮನ್ ಸಿನಿಮಾದಲ್ಲಿ ನಗುವೇ ಇಲ್ಲ ಅಂತ ಅವರು ಹೆಮ್ಮೆಯಿಂದ ಹೇಳುತ್ತಿದ್ದರು. ನಕ್ಕ ಲೆಕ್ಕ ತೆಗೆದರೆ ಹತ್ತಕ್ಕಿಂತ ಜಾಸ್ತಿ. ಬ್ಯಾಟ್‌ಮನ್ ಯಾರೆಂದು ಪತ್ತೆ ಮಾಡಿ ದುಡ್ಡು ಕೀಳಲು ಬಂದ ನೌಕರನಿಗೆ ಬ್ಯಾಟ್‌ಮನ್‌ನ ಕಂಪನಿ ನಡೆಸುವ ಲೂಷಿಯಸ್ ಫಾಕ್ಸ್ ಶಾಂತವಾಗಿ ಕೊಡುವ ಉತ್ತರಕ್ಕೆ ಎಲ್ಲರೂ ನಕ್ಕಿದ್ದರು. ಖಳ ಜೋಕರ್ ಪೆನ್ಸಿಲ್ ಮಾಯ ಮಾಡಿ ತೋರಿಸುತ್ತೇನೆ ಅಂದಾಗಲೂ ನಗು ಶುರುವಾಗಿ ಗಂಟಲಲ್ಲೇ ನಿಂತಿತ್ತು. ಜೋಕರ್ ಪಾತ್ರದ ಹೀತ್ ಲೆಜರ್ ಅಲ್ಲಿ ನಮ್ಮನ್ನು ನಗಿಸಿ ಹೆದರಿಸುತ್ತಾರೆ. ಕತ್ತಲೆ ಅಂದರೆ ನಗು ಇಲ್ಲದ್ದು ಅಂತ ಅಲ್ಲ, ಆ ನಗುವಿನ ಕೆಲಸ ಬೇರೆ.

ನಿಜವಾದ ಬ್ಯಾಟ್‌ಮನ್ ಕತ್ತಲೆಯವನೇ ಅನ್ನುವ ಮಾತೂ ಅವತ್ತೇ ಬಂತು. 1939ರಲ್ಲಿ ಹುಟ್ಟಿದ ಪಾತ್ರ ಅದು. 1966ರ ಟೀವಿ ಸರಣಿಯಲ್ಲಿ ಆಡಂ ವೆಸ್ಟ್ ಅದನ್ನು ಪೂರ್ತಿ ತಮಾಷೆಯಾಗಿ ಮಾಡಿದರು. 1989ರಲ್ಲಿ ಟಿಮ್ ಬರ್ಟನ್ ಕತ್ತಲೆಗೆ ತಂದರು, 1997ರಲ್ಲಿ ಮತ್ತೆ ಬಣ್ಣಬಣ್ಣವಾಯಿತು, 2005ರಲ್ಲಿ ನೋಲನ್ ತಿರುಗಿ ಕತ್ತಲೆಗೆ ಒಯ್ದರು. ಇದರಲ್ಲಿ ಒಂದನ್ನು ಹಿಡಿದು ಇದೇ ನಿಜ ಅನ್ನಲು ನನಗೆ ಆಗುವುದಿಲ್ಲ.

ನನಗೆ ತುಂಬಾ ಕಲಿಸಿದ್ದು ಮಾರ್ವೆಲ್‌ನ ಹೀರೊ ಥಾರ್. 2017ರ ‘ರ್‍ಯಾಗ್ನರಾಕ್’ ಮತ್ತು 2022ರ ‘ಲವ್ ಅಂಡ್ ಥಂಡರ್’ ಎರಡೂ ಟೈಕಾ ವೈಟಿಟಿ ನಿರ್ದೇಶನದವು. ಅದೇ ನಟ, ಅದೇ ತಮಾಷೆ ಧಾಟಿ. ಮೊದಲನೆಯದು ನಮ್ಮ ಕೋಣೆಯಲ್ಲಿ ಇಬ್ಬರನ್ನು ಬಿಟ್ಟು ಎಲ್ಲರಿಗೂ ಹಿಡಿಸಿತು. ಎರಡನೆಯದು ನಗು ಬೇಕೆನ್ನುವವರಿಗೂ ಹಿಡಿಸಲಿಲ್ಲ. ಅದರಲ್ಲಿ ಥಾರ್ ಪ್ರೀತಿಸಿದ ಜೇನ್ ಫಾಸ್ಟರ್‌ಗೆ ಕ್ಯಾನ್ಸರ್, ಖಳನಿಗೆ ಮಗಳು ಸತ್ತ ದುಃಖ. ನಡುನಡುವೆ ನಗಿಸಲು ಎರಡು ಆಡು ಒದರುತ್ತಿರುತ್ತವೆ. ಹುಡುಗರು ‘ಜೋಕು ಜಾಸ್ತಿ ಆತು’ ಅಂತ ಬರೆದು ಮುಗಿಸಿದ್ದರು. ಅಲ್ಲಿಯವರೆಗೆ ಹೆಚ್ಚು ಮಾತಾಡದ ಬೆಟಗೇರಿ ಹುಡುಗಿ ತನ್ನ ಹಾಳೆ ಓದಿದಳು. ಅವಳ ಅಜ್ಜಿಗೂ ಅದೇ ಬೇನೆ ಇತ್ತಂತೆ. ಅಜ್ಜಿ ತನ್ನ ಬೇನೆಯ ಬಗ್ಗೆ ತಾನೇ ಜೋಕು ಮಾಡುತ್ತಿದ್ದಳಂತೆ. ‘ಜೇನ್ ತಾನೇ ನಗುವಾಗ ನನಗೆ ಅಜ್ಜಿ ನೆನಪಾದಳು. ಆ ಎರಡು ಆಡು ಒದರಿದಾಗ ಅಜ್ಜಿ ಹೋಗಿಬಿಟ್ಟಳು’ ಅಂತ ಬರೆದಿದ್ದಳು. ಜೋಕು ಎಷ್ಟು ಅಂತ ಎಣಿಸುವುದನ್ನು ಅವಳು ಬಿಡಿಸಿದಳು. ಆಮೇಲೆ ನಾವು ಯಾರ ನಗು ಅಂತಲೂ ಕೇಳತೊಡಗಿದೆವು.

ಸ್ನೈಡರ್ ಪಕ್ಷದ ಹುಡುಗನೇ ಮುಂದೆ 2013ರ ‘ಮ್ಯಾನ್ ಆಫ್ ಸ್ಟೀಲ್’ ನೋಡಿದಾಗ ಒಂದು ತಪ್ಪು ಹಿಡಿದ. ಸೂಪರ್‌ಮ್ಯಾನ್ ಕೈಯಾರೆ ಖಳ ಝಾಡ್‌ನ ಕತ್ತು ಮುರಿದು ಕೂಗಿ ಅಳುತ್ತಾನೆ. ಅದಾದ ಸ್ವಲ್ಪ ಹೊತ್ತಿಗೇ ಸೈನ್ಯದ ಅಧಿಕಾರಿಯೊಬ್ಬಳು ಅವನ ಅಂದ ನೋಡಿ ಮುಗುಳ್ನಗುವ ಹಗುರ ದೃಶ್ಯ ಬರುತ್ತದೆ. ‘ಮಾಮಾ, ಅಳೂ ಕಣ್ಣಾಗs ಐತಿ, ಅಷ್ಟರಾಗ ನಗಸಾಕ ಬಂದ್ರು. ಮಾರ್ವೆಲ್‌ಗೆ ಬಯ್ಯೋ ತಪ್ಪನ್ನs ನಮ್ಮವರೂ ಮಾಡ್ಯಾರ’ ಅಂದ. ಅವನಿಗೆ ಪ್ರಾಣವಾದ ಸಿನಿಮಾ ಅದು. ಅವನು ಹಾಗೆ ಹೇಳಿದ್ದು ನನಗೆ ದೊಡ್ಡದಾಗಿ ಕಂಡಿತು.

ಶುರು ಮಾಡುವವರಿಗೆ ಇನ್ನೊಂದು ಮಾತು. ಯಾವ ಭಾಷೆಯಲ್ಲಿ ನೋಡಿದಿರಿ ಅಂತ ಮೊದಲೇ ಕೇಳಿಕೊಳ್ಳಿ. ‘ಡೆಡ್‌ಪೂಲ್ 2’ ಬಗ್ಗೆ ನಮ್ಮವರು ಒಂದು ತಾಸು ಕಿತ್ತಾಡಿದ ಮೇಲೆ ಗೊತ್ತಾಯಿತು, ಒಬ್ಬ ಇಂಗ್ಲಿಷ್‌ನಲ್ಲಿ ನೋಡಿದ್ದ, ಇನ್ನೊಬ್ಬ ರಣವೀರ್ ಸಿಂಗ್ ದನಿ ಕೊಟ್ಟ ಹಿಂದಿಯಲ್ಲಿ ನೋಡಿದ್ದ. ಜೋಕುಗಳೇ ಬೇರೆ. ಇಬ್ಬರೂ ಬೇರೆ ಬೇರೆ ಸಿನಿಮಾ ನೋಡಿ ಜಗಳಾಡಿದಂತೆಯೇ ಸರಿ.

ಹಾಳೆಗಳನ್ನು ಹೊಲಿದು ಪುಸ್ತಕ ಮಾಡಿ ಇಟ್ಟಿದ್ದೇನೆ, ನಾಲ್ಕು ಪುಸ್ತಕವಾಗಿವೆ. ಅಳಿಯ ಈಗ ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದಾನೆ, ರವಿವಾರ ತಪ್ಪದೆ ಬರುತ್ತಾನೆ. ಒಂದು ವಿಷಯ ಮಾತ್ರ ನಮ್ಮಿಬ್ಬರ ನಡುವೆ ಬಗೆಹರಿದಿಲ್ಲ. ‘ರ್‍ಯಾಗ್ನರಾಕ್’ ಕೊನೆಯಲ್ಲಿ ಥಾರ್‌ನ ಊರು ಆಸ್ಗಾರ್ಡ್ ಉರಿಯುತ್ತಿರುತ್ತದೆ. ಬುನಾದಿ ಗಟ್ಟಿ ಇದ್ದರೆ ಮತ್ತೆ ಕಟ್ಟಬಹುದು ಅಂತ ಕಲ್ಲಿನ ಮೈಯ ಕಾರ್ಗ್ ಸಮಾಧಾನ ಹೇಳುತ್ತಾನೆ. ಹೇಳುವಷ್ಟರಲ್ಲಿ ಬುನಾದಿಯೂ ಸಿಡಿದು ಹೋಗುತ್ತದೆ. ಕೋಣೆಯೆಲ್ಲ ನಗುತ್ತದೆ. ಊರನ್ನೇ ಕಳೆದುಕೊಂಡ ಜನ ಕಿಟಕಿಯಲ್ಲಿ ನಿಂತು ನೋಡುತ್ತಿರುವಾಗ ಆ ನಗು ಬೇಡವಾಗಿತ್ತು, ಅದು ರಿಜಿಸ್ಟರ್ ತಪ್ಪಿದ್ದು ಅಂತ ನಾನು. ಅಳು ತಡೆಯಲಾಗದವನು ಹಾಗೇ ಏನೋ ಒಂದು ಅಂದುಬಿಡುತ್ತಾನೆ, ಅದು ಬಣ್ಣ ಅಂತ ಅವನು. ಮೂರು ಸಲ ಆ ದೃಶ್ಯ ಹಾಕಿ ನೋಡಿದ್ದೇವೆ. ಮೂರು ಸಲವೂ ನನ್ನ ಹಾಳೆಯಲ್ಲಿ ಅದು ಬಲಕ್ಕಿದೆ, ಅವನ ಹಾಳೆಯಲ್ಲಿ ಎಡಕ್ಕಿದೆ.