ಕಾರ್ಪೆಟ್ ಕೆಳಗೆ ಅಡಗಿದ್ದ ನೀರು

ಬೆಳಗಾವಿಯಲ್ಲಿ ಜುಲೈ ಅಂದ್ರೆ ಹಗ್ಗದ ಮೇಲಿನ ಬಟ್ಟೆ ಒಣಗದ ತಿಂಗಳು. ಅಂಥ ದಿನಗಳಲ್ಲೇ ನಮ್ಮ ಹಳೇ ಕಾರಿನೊಳಗೆ ನೀರು ಸೇರಿತು. ಬಾಗಿಲು ತೆಗೆದರೆ ಮುಗ್ಗಲು ವಾಸನೆ. ಬೆಳಿಗ್ಗೆ ಗಾಜಿನ ಒಳಮೈ ತುಂಬಾ ಮಂಜು. ಮುಂದಿನ ಎಡಗಡೆ ಸೀಟಿನ ಕಾಲಡಿಯ ಮ್ಯಾಟ್ ಎತ್ತಿ ಕಾರ್ಪೆಟ್ ಒತ್ತಿದೆ. ಬೆರಳ ಸಂದಿಯಿಂದ ನೀರು ಬಂತು.

ಒಬ್ಬ ಮೆಕ್ಯಾನಿಕ್ ಬಾಗಿಲಿನ ರಬ್ಬರ್ ಬದಲಿಸಿ ಅಂದರು. ಬದಲಿಸಿದೆ. ಮುಂದಿನ ಮಳೆಗೆ ಮತ್ತೆ ಅದೇ ಕಥೆ. ಆಗ ನಾನೇ ಕೈ ಹಾಕಿದೆ.

ಮೊದಲು ನೀರು ಯಾವುದು ಅಂತ ತಿಳಿಯಬೇಕು. ಎಸಿ ಹಾಕಿದಾಗ ಮಾತ್ರ ಒದ್ದೆಯಾದರೆ ಎಸಿಯ ನೀರು ಹೊರಹೋಗುವ ಪೈಪ್ ಕಟ್ಟಿಕೊಂಡಿರಬಹುದು. ಅಂಟಂಟಾಗಿ, ಸಿಹಿ ವಾಸನೆ ಬಂದರೆ ಅದು ಕೂಲಂಟ್, ಅಂದ್ರೆ ಎಂಜಿನ್ ತಂಪು ಮಾಡುವ ದ್ರವ. ನಮ್ಮದು ಬರೀ ಮಳೆ ನೀರು. ಮಗಳನ್ನು ಟಾರ್ಚ್ ಕೊಟ್ಟು ಒಳಗೆ ಕೂರಿಸಿ, ಹೊರಗಿನಿಂದ ಪೈಪ್‌ನಲ್ಲಿ ನೀರು ಬಿಟ್ಟೆ. ಕೆಳಗಿನಿಂದ ಶುರು ಮಾಡಿ ನಿಧಾನಕ್ಕೆ ಮೇಲೆ ಹೋಗಬೇಕು, ಇಲ್ಲದಿದ್ರೆ ಎಲ್ಲಿಂದ ಬಂತು ಅಂತ ಗೊತ್ತಾಗೋದಿಲ್ಲ. ಬಾಗಿಲಿಗೆ ಬಿಟ್ಟಾಗ ಏನೂ ಇಲ್ಲ. ಮುಂದಿನ ಗಾಜಿನ ಬುಡಕ್ಕೆ ಬಿಟ್ಟೆ, "ಬಂತು ಅಪ್ಪಾ!" ಅಂದಳು. ವೈಪರ್ ಕೆಳಗಿನ ಪ್ಲಾಸ್ಟಿಕ್ ಪಟ್ಟಿ ಬಿಚ್ಚಿದರೆ ಒಳಗೆ ಎರಡು ಹಿಡಿ ಗುಲ್‌ಮೊಹರ್ ಎಲೆ, ಕೊಳೆತು ಕೆಸರಾಗಿತ್ತು. ನಾವು ಕಾರು ನಿಲ್ಲಿಸೋದೇ ಆ ಮರದ ಕೆಳಗೆ. ನೀರು ಇಳಿಯುವ ದಾರಿ ಮುಚ್ಚಿ, ತುಂಬಿ, ಬ್ಲೋವರ್‌ಗೆ (ಕಾರಿನೊಳಗೆ ಗಾಳಿ ಊದುವ ಫ್ಯಾನ್) ಗಾಳಿ ಹೋಗುವ ಬಾಯಿಯಿಂದ ಒಳಗೆ ಸುರೀತಿತ್ತು. ಎಲೆ ತೆಗೆದು ತೊಳೆದದ್ದು ಹತ್ತು ನಿಮಿಷದ ಕೆಲಸ.

ಒಣಗಿಸೋದೇ ದೊಡ್ಡ ಕೆಲಸ. ಕಾರ್ಪೆಟ್ ಮೇಲ್ಭಾಗ ಬೇಗ ಒಣಗುತ್ತದೆ, ಅದನ್ನು ನಂಬಬೇಡಿ. ಕೆಳಗಿನ ದಪ್ಪ ಫೋಮ್ ನೀರನ್ನು ವಾರಗಟ್ಟಲೆ ಹಿಡಿದಿಡುತ್ತದೆ. ಸೀಟು ಬಿಚ್ಚಲೇಬೇಕು. ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ಮೈನಸ್ ತಂತಿ ತೆಗೆದು ಹತ್ತು ನಿಮಿಷ ಕಾದೆ. ಸೀಟಿನ ಕೆಳಗಿನ ಹಳದಿ ಕನೆಕ್ಟರ್ ಏರ್‌ಬ್ಯಾಗ್ ವ್ಯವಸ್ಥೆಯದು, ಅದರ ಜೊತೆ ಆತುರ ಬೇಡ. ನಾಲ್ಕು ಬೋಲ್ಟ್ ತೆಗೆದರೆ ಸೀಟು ಹೊರಗೆ. ಬಾಗಿಲಿನ ಬುಡದ ಪಟ್ಟಿ ಕಿತ್ತು, ಕಾರ್ಪೆಟ್ ಎತ್ತಿ ಕೆಳಗೆ ಮರದ ತುಂಡು ಇಟ್ಟೆ. ನೀರು ಎಳೆಯುವ ವ್ಯಾಕ್ಯೂಮ್ ಬಾಡಿಗೆಗೆ ತಂದು ಫೋಮ್ ಒತ್ತಿ ಒತ್ತಿ ಎಳೆದೆ. ಆಮೇಲೆ ಮೂರು ದಿನ ಟೇಬಲ್ ಫ್ಯಾನ್. ಬಿಸಿಲಿಲ್ಲವಲ್ಲ! ಟಿಶ್ಯೂ ಪೇಪರ್ ಒತ್ತಿದಾಗ ಒದ್ದೆಯಾಗದಿದ್ದ ಮೇಲೇ ಎಲ್ಲ ಮುಚ್ಚಿದ್ದು. ನೆಲದಲ್ಲಿ ಒಂದು ಕಡೆ ತುಕ್ಕು ಹಿಡಿದಿತ್ತು. ವೈರ್ ಬ್ರಷ್‌ನಿಂದ ಉಜ್ಜಿ ರೆಡ್ ಆಕ್ಸೈಡ್ ಹೊಡೆದೆ.

ಇದು ಮಳೆ ನೀರಿನ ಮಾತು. 2019ರ ಆಗಸ್ಟ್‌ನಲ್ಲಿ ಊರೊಳಗೆ ನೀರು ನುಗ್ಗಿತಲ್ವಾ, ಹಾಗೆ ಚರಂಡಿ ಬೆರೆತ ನೀರು ಹೊಕ್ಕರೆ ಆ ಫೋಮ್ ಬಿಸಾಡಿ ಹೊಸದು ಹಾಕಿಸಿ. ಕಾರು ಸ್ಟಾರ್ಟ್ ಕೂಡ ಮಾಡಬೇಡಿ, ಎಳೆಸಿಕೊಂಡು ಹೋಗಿ.

ಎಲ್ಲ ಮುಗಿದರೂ ಸ್ವಲ್ಪ ವಾಸನೆ ಉಳಿದಿತ್ತು. ಸುಗಂಧದ ಡಬ್ಬಿ ತೂಗುಹಾಕಿದ್ದು ಸುಮ್ನೆ ದುಡ್ಡು ದಂಡ. ಸೀಟ್‌ಬೆಲ್ಟ್ ಪೂರ್ತಿ ಎಳೆದು ನೋಡಿದೆ, ಸುತ್ತಿಕೊಂಡ ಭಾಗದಲ್ಲಿ ಬೂಷ್ಟು ಇತ್ತು. ತೆಳು ಸೋಪ್ ನೀರಲ್ಲಿ ಒರೆಸಿ, ಮತ್ತೆ ಒಳಗೆ ಸುತ್ತಿಕೊಳ್ಳದ ಹಾಗೆ ಕ್ಲಿಪ್ ಹಾಕಿ, ಒಂದು ರಾತ್ರಿ ಹಾಗೇ ಬಿಟ್ಟೆ. ಬ್ಲೀಚ್ ಬೇಡ, ಬೆಲ್ಟಿನ ನೂಲು ಸೋಲುತ್ತದೆ. ಅದಾದ ಮೇಲೆ ವಾಸನೆ ಹೋಯಿತು.